ಮಳೆಯಲ್ಲಿ ನಿಂತು ಕಪ್ ತಗೊಂಡ ಪಾಪ್ವಾ

ಮೊನ್ನೆ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಗುಡಿಸಲಲ್ಲಿ ಹುಟ್ಟಿ, ಗಾಲ್ಫ್ ಮೈದಾನದಲ್ಲಿ ಬೇರೆಯವರ ಚೀಲ ಹೊತ್ತು, ಕೊನೆಗೆ ತಾನೇ ದೊಡ್ಡ ಆಟಗಾರನಾದ ಒಬ್ಬರ ಕಥೆ. ಅಡಿಯಲ್ಲಿ ದಪ್ಪ ಅಕ್ಷರದಲ್ಲಿ, ಛಲ ಒಂದಿದ್ದರೆ ಬಡತನ ಅಡ್ಡಿಯಲ್ಲ ಅಂತ. ಹತ್ತು ಜನ ಕೈ ಮುಗಿದರು. ಒಬ್ಬ ಸಹೋದ್ಯೋಗಿ ಅದರ ಕೆಳಗೆ, "ನೋಡಿ, ಇವರಿಗೆ ಯಾವ ಕೋಟಾ ಇತ್ತು?" ಅಂತ ಬರೆದರು. ಯಾರಿಗೆ ಬರೆದದ್ದು ಅಂತ ಗ್ರೂಪಿನಲ್ಲಿ ಎಲ್ಲರಿಗೂ ಗೊತ್ತು. ನಾನು ಉತ್ತರ ಟೈಪ್ ಮಾಡಿ ಅಳಿಸಿದೆ. ಮತ್ತೆ ಟೈಪ್ ಮಾಡಿ ಅಳಿಸಿದೆ. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಸಮಯ ಇದ್ದಾಗ ಓದಿ.

ಗಾಲ್ಫ್ ಬಗ್ಗೆ ನನಗೇನು ಗೊತ್ತು ಅಂತ ಕೇಳಬಹುದು. ನನ್ನ ಸೋದರಮಾವ ಹದಿಮೂರನೇ ವಯಸ್ಸಿಗೆ ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಕ್ಯಾಡಿ ಆಗಿ ಸೇರಿಕೊಂಡವರು. ಕ್ಯಾಡಿ ಅಂದ್ರೆ ಆಡುವವರ ಸ್ಟಿಕ್ಕುಗಳ ಚೀಲ ಹೊತ್ತುಕೊಂಡು ಅವರ ಹಿಂದೆ ಮೈಲಿಗಟ್ಟಲೆ ನಡೆಯೋದು, ಚೆಂಡು ಎಲ್ಲಿ ಬಿತ್ತು ನೋಡೋದು, ಯಾವ ಸ್ಟಿಕ್ ಬೇಕೋ ಅದನ್ನ ಕೈಗೆ ಕೊಡೋದು. ಆಟ ನಮ್ಮ ಮಾವನಿಗೆ ಆಡುವವರಿಗಿಂತ ಚೆನ್ನಾಗಿ ಗೊತ್ತಿತ್ತು. ಗಾಳಿ ಯಾವ ಕಡೆ, ಹುಲ್ಲು ಎಷ್ಟು ಒದ್ದೆ, ನೆಲ ಎಲ್ಲಿ ಇಳಿಜಾರು, ಎಲ್ಲ ಹೇಳಿಕೊಡೋರು. ಆದರೆ ಆಡಿದವರ ಹೆಸರು ಬೋರ್ಡಿನ ಮೇಲೆ, ಮಾವ ಮರದ ಕೆಳಗೆ. ಅಜ್ಜಿಗೆ ಕಾಯಿಲೆ ಆದಾಗ ಆ ಕೆಲಸ ಬಿಟ್ಟು ಲಾರಿ ಕ್ಲೀನರ್ ಆದರು. ಅವರ ಮನೆ ಅಟ್ಟದ ಮೇಲೆ ಯಾರೋ ಎಸೆದ ಒಂದು ಮುರುಕು ಸ್ಟಿಕ್ ಬಹಳ ವರ್ಷ ಇತ್ತು. ನಾನು ಹುಡುಗನಾಗಿದ್ದಾಗ ಅದರಲ್ಲಿ ಹುಣಸೆಕಾಯಿ ಉದುರಿಸ್ತಿದ್ದೆ.

ಇವತ್ತು ಹೇಳಬೇಕಾಗಿರೋದು ಮಾವನ ಕಥೆ ಅಲ್ಲ. ಸಮುದ್ರದಾಚೆ ಇದ್ದ ಇನ್ನೊಬ್ಬ ಕ್ಯಾಡಿಯ ಕಥೆ.

ದಕ್ಷಿಣ ಆಫ್ರಿಕಾದ ಡರ್ಬನ್. ಹಿಂದಿನ ನಟಾಲ್. 1860ರ ನವೆಂಬರ್ 16ರಂದು ಮದರಾಸಿನಿಂದ ಹೊರಟ ಟ್ರೂರೋ ಅನ್ನೋ ಹಡಗು ಅಲ್ಲಿ ಮೊದಲ ಕೂಲಿಗಳನ್ನು ಇಳಿಸಿತು. ಬಿಳಿಯರ ಕಬ್ಬಿನ ತೋಟಗಳಿಗೆ ಆಳು ಬೇಕಿತ್ತು. ಐದು ವರ್ಷದ ಕರಾರು, ಹೆಬ್ಬೆಟ್ಟು ಒತ್ತಿ ಹಡಗು ಹತ್ತೋದು. 1911ರವರೆಗೆ ಹೀಗೆ ಹೋದವರು 1,52,184 ಜನ. ಮದರಾಸಿನಿಂದ ಹೋದವರಲ್ಲಿ ಉತ್ತರ ಆರ್ಕಾಟು, ಚಿತ್ತೂರು ಕಡೆಯವರು ಬಹಳ. ಅದೇ ಸೀಮೆಯಿಂದಲೇ ಆಮೇಲೆ ನಮ್ಮ ಕೆಜಿಎಫ್ ಗಣಿಗೂ ಜನ ಬಂದರು. ಒಂದೇ ಬರ, ಒಂದೇ ಹಸಿವು. ಕೆಲವರು ಹಡಗು ಹತ್ತಿದರು, ಕೆಲವರು ಭೂಮಿಯೊಳಗೆ ಇಳಿದರು. ಕಲ್ಕತ್ತೆಯಿಂದ ಹೊರಟ ಹಡಗುಗಳಲ್ಲಿ ಬಿಹಾರ, ಅವಧ್ ಕಡೆಯ ಭೋಜಪುರಿ ಜನ ಹೋದರು. ಹಡಗಿನೊಳಗೆ ಬೇರೆ ಬೇರೆ ಪಂಕ್ತಿ ಹಾಕೋಕೆ ಜಾಗ ಇರಲಿಲ್ಲ ಅನ್ನೋದು ನನಗೆ ಈಗಲೂ ಖುಷಿ ಕೊಡುವ ವಿಷಯ. ಹೋದ ಮೇಲೆ ಒಂದಷ್ಟು ಜನ ಅಲ್ಲೂ ಪಂಕ್ತಿ ಹುಡುಕಿಕೊಂಡರು, ಅದು ಬೇರೆ ಮಾತು.

ಆ ಕೂಲಿಗಳ ಸಂತಾನದಲ್ಲಿ ಡರ್ಬನ್ನಿನ ಒಂದು ಬಡ ಕುಟುಂಬದಲ್ಲಿ ಹುಟ್ಟಿದವನು ಸೆವ್‌ಸಂಕರ್ ಸೆವ್‌ಗೋಲಂ. ಹೆಸರು ವಿಚಿತ್ರ ಅನ್ನಿಸ್ತಾ? ಜೋರಾಗಿ ಓದಿ ನೋಡಿ. ಶಿವಶಂಕರ. ಶಿವಗುಲಾಮ. ಯಾವನೋ ಗುಮಾಸ್ತ ಕಿವಿಗೆ ಬಿದ್ದ ಹಾಗೆ ರಿಜಿಸ್ಟರಿನಲ್ಲಿ ಬರೆದ, ಅದೇ ನಿಂತಿತು. ನಾನೂ ಗುಮಾಸ್ತನೇ. ನಮ್ಮವರ ಜಾತಿ ಪ್ರಮಾಣಪತ್ರದಲ್ಲಿ ಒಂದು ಅಕ್ಷರ ತಪ್ಪಾದರೆ ಅದನ್ನ ಸರಿ ಮಾಡಿಸೋಕೆ ಎಷ್ಟು ಚಪ್ಪಲಿ ಸವೀತವೆ ಅಂತ ಟೇಬಲ್ಲಿನ ಈ ಕಡೆ ಕೂತು ದಿನಾ ನೋಡ್ತೀನಿ. ಅಲ್ಲಿ ಎಲ್ಲರೂ ಅವರನ್ನ ಕರೆದದ್ದು ಪಾಪ್ವಾ ಅಂತ.

ಪಾಪ್ವಾ ಶಾಲೆ ಕಲಿಯಲಿಲ್ಲ. ಓದು ಬರಹ ಬರ್ತಿರಲಿಲ್ಲ. ಮನೆಗೆ ದುಡ್ಡು ಬೇಕಿತ್ತು, ಹತ್ತಿರದಲ್ಲೇ ಬೀಚ್‌ವುಡ್ ಅನ್ನೋ ಬಿಳಿಯರ ಗಾಲ್ಫ್ ಮೈದಾನ ಇತ್ತು. ಅಲ್ಲಿ ಹುಡುಗನಾಗಿದ್ದಾಗಲೇ ಕ್ಯಾಡಿ. ಹೇಳಿಕೊಡೋರು ಯಾರೂ ಇಲ್ಲ. ನೋಡಿ ನೋಡಿ ತಾನೇ ಕಲಿತದ್ದು. ಹಾಗಾಗಿ ಸ್ಟಿಕ್ ಹಿಡಿಯೋದೇ ಉಲ್ಟಾ ಆಯಿತು. ಬಲಗೈ ಆಟಗಾರರು ಎಡಗೈ ಮೇಲೆ, ಬಲಗೈ ಕೆಳಗೆ ಹಿಡೀತಾರೆ. ಪಾಪ್ವಾ ಬಲಗೈ ಮೇಲೆ, ಎಡಗೈ ಕೆಳಗೆ. ಕ್ರಿಕೆಟ್‌ನಲ್ಲಿ ಹೊಸದಾಗಿ ಬ್ಯಾಟ್ ಹಿಡಿದ ಮಗು ಹಿಡಿಯುತ್ತಲ್ಲ, ಹಾಗೆ. ಕೋಚ್ ಇದ್ದಿದ್ದರೆ ಮೊದಲ ದಿನವೇ ತಿದ್ದಿರೋರು. ತಿದ್ದುವವರು ಇಲ್ಲದ್ದರಿಂದ ಆ ಉಲ್ಟಾ ಹಿಡಿತದಲ್ಲೇ ಚೆಂಡು ಹೇಳಿದ ಕಡೆ ಹೋಗೋಕೆ ಶುರುವಾಯಿತು. ಇವತ್ತಿಗೂ ಗಾಲ್ಫ್ ಲೋಕದಲ್ಲಿ ಆ ಹಿಡಿತಕ್ಕೆ ಅವರ ಹೆಸರೇ ಇದೆ.

ಓದು ಬಾರದ ಗಾಲ್ಫರ್‌ಗೆ ಇನ್ನೊಂದು ಕಷ್ಟ ಇದೆ. ಆ ಆಟದಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆಲ್ಲೋದು. ಎಷ್ಟು ಹೊಡೆತ ಆಯಿತು ಅಂತ ಜೊತೆಯಲ್ಲಿ ಆಡುವವರು ಕಾರ್ಡಿನಲ್ಲಿ ಬರೀತಾರೆ, ಆಡಿದವನು ನೋಡಿ ಸಹಿ ಹಾಕಬೇಕು. ಕಡಿಮೆ ಲೆಕ್ಕಕ್ಕೆ ಸಹಿ ಹಾಕಿದರೆ ಆಟದಿಂದಲೇ ಹೊರಗೆ. ಜಾಸ್ತಿಗೆ ಹಾಕಿದರೆ ಆ ಜಾಸ್ತಿಯೇ ಖಾಯಂ. 1968ರಲ್ಲಿ ಅಮೆರಿಕದ ಮಾಸ್ಟರ್ಸ್ ಪಂದ್ಯದಲ್ಲಿ ಓದು ಬಲ್ಲ ರಾಬರ್ಟೋ ಡಿ ವಿಸೆಂಜೊ ಅಂಥವರೇ ಒಂದು ಅಂಕಿ ಗಮನಿಸದೆ ಸಹಿ ಹಾಕಿ, ಗೆಲ್ಲುವ ಅವಕಾಶ ಕಳೆದುಕೊಂಡರು. ಅಕ್ಷರ ಬಾರದ ಮನುಷ್ಯ ಪ್ರತಿ ಸಲ ಬೇರೆಯವರು ಬರೆದದ್ದನ್ನು ನಂಬಿ ಸಹಿ ಹಾಕಬೇಕಲ್ಲ, ಆ ಎದೆಗಾರಿಕೆ ಯೋಚನೆ ಮಾಡಿ.

ಪಾಪ್ವಾನ ಆಟ ನೋಡಿದವರು ಗ್ರಹಾಂ ವುಲ್ಫ್ ಅನ್ನೋ ಬಿಳಿಯ ಉದ್ಯಮಿ. ಓಲೇ ಕ್ರೀಮ್ ಗೊತ್ತಲ್ಲ, ಟಿವಿಯಲ್ಲಿ ಮುಖ ಬೆಳ್ಳಗೆ ಫಳಫಳ ಅಂತ ತೋರಿಸ್ತಾರೆ, ಅದನ್ನ ಡರ್ಬನ್ನಿನಲ್ಲಿ ಮೊದಲು ತಯಾರಿಸಿದವರು. ಇಂಥ ಕ್ರೀಮ್ ಮಾಡಿದ ಮನುಷ್ಯ ಕಪ್ಪು ಮೈಯ ಕ್ಯಾಡಿಯೊಬ್ಬನ ಬೆನ್ನಿಗೆ ನಿಂತದ್ದು ಇತಿಹಾಸದ ತಮಾಷೆ. ಆದರೆ ಉಪಕಾರ ಉಪಕಾರವೇ, ಮರೆಯಬಾರದು. 1959ರಲ್ಲಿ ವುಲ್ಫ್ ಅವರನ್ನ ಯುರೋಪಿಗೆ ಕರೆದುಕೊಂಡು ಹೋದರು. ಆ ವರ್ಷವೇ ಪಾಪ್ವಾ ಡಚ್ ಓಪನ್ ಗೆದ್ದರು. 1960ರಲ್ಲಿ ಮತ್ತೆ ಗೆದ್ದರು. 1964ರಲ್ಲಿ ಮೂರನೇ ಸಲ. ಶಾಲೆ ಮೆಟ್ಟಿಲು ಹತ್ತದ ಕೂಲಿ ಸಂತಾನದ ಹುಡುಗ ಯುರೋಪಿನ ಒಂದು ದೇಶದ ರಾಷ್ಟ್ರೀಯ ಚಾಂಪಿಯನ್‌ಶಿಪ್ ಮೂರು ಸಲ ಗೆದ್ದ.

ಫಾರ್ವರ್ಡ್ ಮೆಸೇಜುಗಳು ಇಲ್ಲಿಗೇ ನಿಲ್ಲುತ್ತವೆ. ಛಲ ಇತ್ತು, ಗೆದ್ದ, ಚಪ್ಪಾಳೆ. ನಿಜವಾದ ಕಥೆ ಶುರುವಾಗೋದು ಗೆದ್ದು ಮನೆಗೆ ಬಂದ ಮೇಲೆ.

ಮನೆ ಅಂದರೆ ಯಾವ ದೇಶ ನೋಡಿ. 1948ರಿಂದ ಅಲ್ಲಿ ಅಪಾರ್ಥೈಡ್ ಸರ್ಕಾರ. 1950ರ ಗ್ರೂಪ್ ಏರಿಯಾಸ್ ಕಾಯ್ದೆ ಪ್ರಕಾರ ಯಾವ ಬಣ್ಣದವರು ಯಾವ ಪ್ರದೇಶದಲ್ಲಿ ಇರಬೇಕು ಅಂತ ಸರ್ಕಾರವೇ ಗೆರೆ ಎಳೆಯುತ್ತೆ. ನಮ್ಮ ಊರುಗಳಲ್ಲಿ ಆ ಗೆರೆಗೆ ಕಾಯ್ದೆ ಬೇಕಾಗಿರಲಿಲ್ಲ, ಕೇರಿ ಎಲ್ಲಿ ಊರು ಎಲ್ಲಿ ಅಂತ ಮಗುವಿಗೂ ಗೊತ್ತಿತ್ತು. ಅವರು ಗೆಜೆಟ್‌ನಲ್ಲಿ ಛಾಪಿಸಿದರು, ಅಷ್ಟೇ ವ್ಯತ್ಯಾಸ. 1956ರಲ್ಲಿ ಡೊಂಗೆಸ್ ಅನ್ನೋ ಒಳಾಡಳಿತ ಮಂತ್ರಿ, ಬಿಳಿಯರೂ ಉಳಿದವರೂ ಬೇರೆ ಬೇರೆಯಾಗಿಯೇ ಆಡಬೇಕು ಅಂತ ಸರ್ಕಾರದ ನೀತಿ ಪ್ರಕಟಿಸಿದ. ಒಬ್ಬ ಭಾರತೀಯ ಮೂಲದವನು ಬಿಳಿಯರ ಮೈದಾನದಲ್ಲಿ ಟೂರ್ನಮೆಂಟ್ ಆಡಬೇಕಾದರೆ ಪರ್ಮಿಟ್ ಬೇಕು. ಆಡೋಕೆ ಪರ್ಮಿಟ್ ಸಿಕ್ಕಿದರೂ ಕ್ಲಬ್‌ಹೌಸ್ ಒಳಗೆ ಕಾಲಿಡೋ ಹಾಗಿಲ್ಲ. ಬಟ್ಟೆ ಬದಲಾಯಿಸೋಕೆ ಕೋಣೆ ಇಲ್ಲ, ಊಟಕ್ಕೆ ಮೇಜು ಇಲ್ಲ. ಆಡು, ಆದರೆ ಹೊರಗಿರು.

1963ರ ನಟಾಲ್ ಓಪನ್, ಡರ್ಬನ್ ಕಂಟ್ರಿ ಕ್ಲಬ್. ಪಾಪ್ವಾಗೆ ಆಡೋಕೆ ಅನುಮತಿ ಸಿಕ್ಕಿತು. ದೇಶದ ಬಿಳಿಯ ವೃತ್ತಿಪರರೆಲ್ಲ ಇದ್ದ ಪಂದ್ಯ. ಪಾಪ್ವಾ ಗೆದ್ದರು. ಬಿಳಿಯರಲ್ಲದ ಒಬ್ಬ ಮನುಷ್ಯ ಆ ದೇಶದಲ್ಲಿ ಪ್ರಾಂತ್ಯದ ಓಪನ್ ಪಂದ್ಯವೊಂದನ್ನು ಗೆದ್ದದ್ದು ಅದೇ ಮೊದಲು.

ಬಹುಮಾನ ಕೊಡುವ ಹೊತ್ತಿಗೆ ಮಳೆ. ಮಳೆ ಬಂದರೆ ಏನು ಮಾಡ್ತಾರೆ? ಕಾರ್ಯಕ್ರಮ ಒಳಗೆ ಮಾಡ್ತಾರೆ. ಸೋತ ಬಿಳಿಯರು ಕ್ಲಬ್‌ಹೌಸ್ ಒಳಗೆ ಬೆಚ್ಚಗೆ ನಿಂತರು. ಗೆದ್ದವನು ಹೊರಗೆ, ಮಳೆಯಲ್ಲಿ. ಕಪ್ ಹೊರಗೆ ತಂದು ಅಲ್ಲೇ ಅವನ ಕೈಗೆ ಕೊಟ್ಟರು. ಒಳಗೆ ಕರೆದಿದ್ದರೆ ಕಾನೂನು ಮುರಿದ ಹಾಗಾಗ್ತಿತ್ತು ಅನ್ನೋದು ಸಮಜಾಯಿಷಿ. ಆ ಫೋಟೋ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು. ಒದ್ದೆಯಾದ ಮನುಷ್ಯ, ಕೈಯಲ್ಲಿ ಕಪ್. ದಕ್ಷಿಣ ಆಫ್ರಿಕಾವನ್ನು ಕ್ರೀಡೆಯಿಂದ ಬಹಿಷ್ಕರಿಸಿ ಅನ್ನೋ ಕೂಗಿಗೆ ಆ ಒಂದು ಫೋಟೋ ಮಾಡಿದ ಕೆಲಸ ನೂರು ಭಾಷಣ ಮಾಡಲಿಲ್ಲ. ಅದೇ ವರ್ಷ ದಕ್ಷಿಣ ಆಫ್ರಿಕಾ ಓಪನ್‌ನಲ್ಲಿ ಪಾಪ್ವಾ ಎರಡನೇ ಸ್ಥಾನ, ಒಂದೇ ಒಂದು ಹೊಡೆತದ ಅಂತರ.

ಇದನ್ನ ಓದುವಾಗ ನನಗೆ ತಕ್ಷಣ ನೆನಪಾದದ್ದು ಪಲ್ವಂಕರ್ ಬಾಲೂ. ನಮ್ಮ ಧಾರವಾಡದಲ್ಲಿ ಹುಟ್ಟಿದವರು, ಚಮ್ಮಾರ ಸಮುದಾಯ. ಪುಣೆಯ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ಪಿಚ್ ಉರುಳಿಸ್ತಾ, ನೆಟ್ಸ್‌ನಲ್ಲಿ ಬಿಳಿಯರಿಗೆ ಚೆಂಡು ಹಾಕ್ತಾ ಕಲಿತವರು. ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು, ಮೈದಾನದಲ್ಲಿ ಎಲ್ಲರೂ ಅದೇ ಚೆಂಡು ಮುಟ್ಟುತ್ತಿದ್ದರು. ಆದರೆ ಟೀ ವಿರಾಮದಲ್ಲಿ ಬಾಲೂಗೆ ಪೆವಿಲಿಯನ್ ಹೊರಗೆ, ಕುಡಿದು ಎಸೆಯುವ ಮಣ್ಣಿನ ಲೋಟದಲ್ಲಿ ಟೀ. 1911ರಲ್ಲಿ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದ ಮನುಷ್ಯ. ಹಿಂದೂ ತಂಡದ ನಾಯಕತ್ವ ಅವರಿಗೆ ಕೊನೆಗೂ ಕೊಡಲಿಲ್ಲ. ಡರ್ಬನ್ನಿನ ಮಳೆ, ಪುಣೆಯ ಮಣ್ಣಿನ ಲೋಟ. ಮಧ್ಯೆ ಸಮುದ್ರ ಇದೆ ಅಂತ ನನಗೆ ಅನ್ನಿಸಲಿಲ್ಲ.

ಅಮೆರಿಕವೂ ಕಡಿಮೆ ಇರಲಿಲ್ಲ. ಅಲ್ಲಿನ ವೃತ್ತಿಪರ ಗಾಲ್ಫರ್‌ಗಳ ಸಂಘ ಬಿಳಿಯರಿಗೆ ಮಾತ್ರ ಸದಸ್ಯತ್ವ ಅಂತ 1934ರಿಂದ 1961ರವರೆಗೆ ತನ್ನ ನಿಯಮದಲ್ಲೇ ಬರೆದಿಟ್ಟುಕೊಂಡಿತ್ತು. ಚಾರ್ಲಿ ಸಿಫರ್ಡ್ ಅನ್ನೋ ಇನ್ನೊಬ್ಬ ಕ್ಯಾಡಿ ಹುಡುಗ ಆ ಬಾಗಿಲು ಬಡಿದು ಬಡಿದು ತೆಗೆಸಿದ. ತೆಗೆಯುವ ಹೊತ್ತಿಗೆ ಅವನಿಗೆ ಮೂವತ್ತೊಂಬತ್ತು ವರ್ಷ. ಅವನ ಕಥೆ ಇನ್ನೊಮ್ಮೆ ಬರೀತೀನಿ.

ಈಗ 1965. ಮತ್ತೆ ನಟಾಲ್ ಓಪನ್. ಎದುರಿಗೆ ಗ್ಯಾರಿ ಪ್ಲೇಯರ್. ಆ ವರ್ಷವೇ ಅಮೆರಿಕದ ಓಪನ್ ಗೆದ್ದು, ನಾಲ್ಕೂ ದೊಡ್ಡ ಪಂದ್ಯ ಗೆದ್ದ ಜಗತ್ತಿನ ಮೂರನೇ ಆಟಗಾರ ಆದವರು. ಅಂಥವರನ್ನ ಹಿಂದಿಕ್ಕಿ ಪಾಪ್ವಾ ಎರಡನೇ ಸಲ ನಟಾಲ್ ಓಪನ್ ಗೆದ್ದರು.

ಇಲ್ಲಿ ಒಂದು ಮಾತು ನಿಧಾನವಾಗಿ ಹೇಳಬೇಕು. ಗ್ಯಾರಿ ಪ್ಲೇಯರ್ ಶ್ರೀಮಂತರ ಮಗ ಅಲ್ಲ. ಅವರಪ್ಪ ಚಿನ್ನದ ಗಣಿಯಲ್ಲಿ ದುಡಿದವರು. ಎಂಟು ವರ್ಷದವರಿದ್ದಾಗ ತಾಯಿ ಕ್ಯಾನ್ಸರ್‌ನಲ್ಲಿ ತೀರಿಕೊಂಡರು. ಕಷ್ಟ ಪಟ್ಟು ಮೇಲೆ ಬಂದ ಮನುಷ್ಯ, ಸುಳ್ಳಲ್ಲ. ನಮ್ಮ ಫಾರ್ವರ್ಡ್ ಬರೆದವರಿಗೆ ಇಬ್ಬರ ಕಥೆಯೂ ಒಂದೇ ಥರ ಕಾಣುತ್ತೆ. ಬಡ ಮನೆ, ಕಷ್ಟ, ಛಲ, ಗೆಲುವು. ಆದರೆ ಒಬ್ಬರಿಗೆ ಬಡತನ ದಾಟಿದ ಮೇಲೆ ದಾರಿ ತೆರೆದೇ ಇತ್ತು. ಯಾವ ದೇಶಕ್ಕೆ ಬೇಕಾದರೂ ಹೋಗಿ ಆಡಬಹುದು, ಯಾವ ಕ್ಲಬ್‌ಹೌಸಿನಲ್ಲಾದರೂ ಕೂತು ಉಣ್ಣಬಹುದು. ಇನ್ನೊಬ್ಬರಿಗೆ ಬಡತನ ದಾಟಿದ ಮೇಲೆ ಬೇಲಿ ಸಿಕ್ಕಿತು. ಅದು ಛಲದಿಂದ ಹಾರುವ ಬೇಲಿ ಅಲ್ಲ, ಹಾರಿದಷ್ಟೂ ಎತ್ತರ ಮಾಡುವ ಬೇಲಿ. 1966ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಪ್ಲೇಯರ್, ತಾನು ಪ್ರಧಾನಿ ಫೆರ್ವೂರ್ಟ್ ಮತ್ತು ಅಪಾರ್ಥೈಡ್‌ನ ಪರ ಅಂತಲೇ ಬರೆದುಕೊಂಡರು. ಮುಂದೆ ಅದು ತಪ್ಪು ಅಂತ ಒಪ್ಪಿಕೊಂಡರು, ಬದಲಾದರು. ಬದಲಾಗೋಕೆ ಅವರಿಗೆ ಟೈಮ್ ಇತ್ತು. ಪಾಪ್ವಾಗೆ ಇರಲಿಲ್ಲ.

ಯಾಕಂದ್ರೆ 1965ರ ಗೆಲುವಿನ ನಂತರ ಸರ್ಕಾರ ಸುಮ್ಮನೆ ಕೂರಲಿಲ್ಲ. ಒಂದು ಸಲ ಗೆದ್ದರೆ ಆಕಸ್ಮಿಕ ಅನ್ನಬಹುದು. ಎರಡನೇ ಸಲ, ಅದೂ ದೇಶದ ಹೀರೋನ ಮುಂದೆ ಗೆದ್ದರೆ ಏನನ್ನಬೇಕು? ಬಿಳಿಯ ಹುಟ್ಟಿನಲ್ಲೇ ಮೇಲು ಅನ್ನೋ ಪಾಠವೇ ಸುಳ್ಳಾಗುತ್ತಲ್ಲ. ದೊಡ್ಡ ಪಂದ್ಯಗಳಿಗೆ ಪರ್ಮಿಟ್ ನಿಂತಿತು. ಪಾಸ್‌ಪೋರ್ಟ್ ಕಿತ್ತುಕೊಂಡರು, ಹಾಗಾಗಿ ಹೊರದೇಶದಲ್ಲೂ ಆಡೋ ಹಾಗಿಲ್ಲ. ಪ್ರೇಕ್ಷಕನಾಗಿ ಹೋಗಿ ನಿಂತು ನೋಡೋಕೂ ನಿರ್ಬಂಧ.

ಗುಮಾಸ್ತನಾಗಿ ನನ್ನ ನಿದ್ದೆ ಕೆಡಿಸೋದು ಈ ಭಾಗ. ಯಾರೂ ಅವರಿಗೆ ಹೊಡೆಯಲಿಲ್ಲ, ಜೈಲಿಗೆ ಹಾಕಲಿಲ್ಲ. ಒಂದು ಅರ್ಜಿ ಬಂದಿರುತ್ತೆ. ಯಾರೋ ಅದಕ್ಕೆ ನಂಬರ್ ಹಾಕಿ ಕಡತ ತೆರೆದಿರುತ್ತಾರೆ. ಟಿಪ್ಪಣಿ ಬರೆದು ಮೇಲಿನವರಿಗೆ ಮಂಡಿಸಿರುತ್ತಾರೆ. ಮೇಲಿನವರು ಅವಕಾಶವಿರುವುದಿಲ್ಲ ಅಂತ ಷರಾ ಬರೆದಿರುತ್ತಾರೆ. ಸೀಲು ಬಿದ್ದಿರುತ್ತೆ. ಆ ಗುಮಾಸ್ತ ಸಾಯಂಕಾಲ ಮನೆಗೆ ಹೋಗಿ ಮಕ್ಕಳ ಜೊತೆ ಊಟ ಮಾಡಿರುತ್ತಾನೆ. ಒಬ್ಬ ಮನುಷ್ಯನ ವಯಸ್ಸು, ಗಾಲ್ಫರ್ ಒಬ್ಬ ದುಡಿಯುವ ವಯಸ್ಸು, ಹೀಗೆ ಟಪಾಲಿನಲ್ಲಿ ಮುಗಿದು ಹೋಗುತ್ತೆ. ನನ್ನ ಟೇಬಲ್ ಮೇಲೆ ಬರುವ ಸೈಟಿನ ಅರ್ಜಿ, ಸ್ಮಶಾನದ ಜಾಗದ ಅರ್ಜಿ, ಹಾಸ್ಟೆಲ್ ಅರ್ಜಿಗಳ ಮೇಲೆ ಆ ಒಂದು ವಾಕ್ಯ ನಾನೇ ಎಷ್ಟು ಸಲ ಮೇಲಿನವರು ಹೇಳಿದಂತೆ ಟೈಪ್ ಮಾಡಿದೀನಿ ಅಂತ ಲೆಕ್ಕ ಇಟ್ಟಿಲ್ಲ.

ವೃತ್ತಿಪರ ಆಟಗಾರನಿಗೆ ಆಟವೇ ಸಂಬಳ. ಪಂದ್ಯ ಇಲ್ಲ ಅಂದರೆ ಹೆಂಡತಿ ಮಕ್ಕಳ ಅನ್ನ ಇಲ್ಲ. ಅಕ್ಷರ ಇಲ್ಲದವನಿಗೆ ಬೇರೆ ನೌಕರಿ ಯಾವುದು? ಆಟಕ್ಕೂ ಸಂಸಾರದ ಕಷ್ಟಕ್ಕೂ ನಡುವೆ ಸಮತೋಲನ ಮಾಡಿದರು ಅಂತ ಕ್ರೀಡಾ ಅಂಕಣಗಳಲ್ಲಿ ಬರೀತಾರೆ. ಪಾಪ್ವಾಗೆ ತಕ್ಕಡಿಯ ಒಂದು ತಟ್ಟೆಯನ್ನೇ ಕಿತ್ತುಕೊಂಡಿದ್ದರು, ಸಮತೋಲನ ಎಲ್ಲಿಂದ ಮಾಡೋದು. 1978ರ ಜುಲೈನಲ್ಲಿ, ಬಡತನದಲ್ಲೇ, ಹೃದಯಾಘಾತದಿಂದ ತೀರಿಕೊಂಡರು. ಇನ್ನೂ ಐವತ್ತು ತುಂಬಿರಲಿಲ್ಲ. ಅಪಾರ್ಥೈಡ್ ಹೋದ ಮೇಲೆ ಗೌರವಗಳು ಬಂದವು. ಡರ್ಬನ್ನಿನಲ್ಲಿ ಈಗ ಅವರ ಹೆಸರಿನ ಗಾಲ್ಫ್ ಮೈದಾನ ಇದೆ, ನಗರಸಭೆಯದ್ದು.

ಡರ್ಬನ್ ಅಂದಾಗ ನಮ್ಮ ಚಳವಳಿಯವರಿಗೆ ಇನ್ನೊಂದು ನೆನಪು ಬರಲೇಬೇಕು. 2001ರ ಆಗಸ್ಟ್ ಕೊನೆಯಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನ ನಡೆದದ್ದು ಅದೇ ಊರಿನಲ್ಲಿ. ದೇಶದ ಎಲ್ಲ ಕಡೆಯಿಂದ ದಲಿತ ಕಾರ್ಯಕರ್ತರು ಅಲ್ಲಿಗೆ ಹೋಗಿ, ಜಾತಿಯನ್ನೂ ಇದರಲ್ಲಿ ಸೇರಿಸಿ ಅಂತ ಡ್ರಮ್ಮು ಬಡಿದು ಕೇಳಿದರು. ನಾನಾಗ ಬಿಎ ಓದ್ತಿದ್ದೆ. ಹಾಸ್ಟೆಲಿನಲ್ಲಿ ಕರಪತ್ರ ಹಂಚಿದ್ದೆ, ಡರ್ಬನ್ ಎಲ್ಲಿದೆ ಅಂತ ಮ್ಯಾಪಿನಲ್ಲಿ ಹುಡುಕಿದ್ದೆ. ನಮ್ಮ ಸರ್ಕಾರ ಏನು ಹೇಳಿತು? ಜಾತಿ ಜನಾಂಗ ಅಲ್ಲ, ಇದು ನಮ್ಮ ಆಂತರಿಕ ವಿಷಯ. 1946ರಲ್ಲೇ ದಕ್ಷಿಣ ಆಫ್ರಿಕಾದ ಭಾರತೀಯರ ಪರ ವಿಶ್ವಸಂಸ್ಥೆಯಲ್ಲಿ ದನಿ ಎತ್ತಿದ ದೇಶ ನಮ್ಮದು. ಆಗ ದಕ್ಷಿಣ ಆಫ್ರಿಕಾ ಕೊಟ್ಟ ಉತ್ತರವೂ ಇದೇ ಆಂತರಿಕ ವಿಷಯ. 1974ರಲ್ಲಿ ಡೇವಿಸ್ ಕಪ್ ಟೆನಿಸ್ ಫೈನಲ್ಲಿಗೆ ಬಂದರೂ, ಎದುರಿಗೆ ದಕ್ಷಿಣ ಆಫ್ರಿಕಾ ಅಂತ ಕಪ್ಪನ್ನೇ ಬಿಟ್ಟುಕೊಟ್ಟ ದೇಶ. ಅದು ಹೆಮ್ಮೆಯ ವಿಷಯವೇ, ನಾನು ಈಗಲೂ ಹೆಮ್ಮೆ ಪಡ್ತೀನಿ. ಪಾಪ್ವಾ ಹೊರಗೆ ನಿಂತದ್ದು ಅನ್ಯಾಯ ಅಂತ ಅರ್ಥವಾದವರಿಗೆ ಬಾಲೂ ಹೊರಗೆ ನಿಂತದ್ದು ಸಂಪ್ರದಾಯ ಅಂತ ಯಾಕೆ ಅನ್ನಿಸುತ್ತೆ, ಅದೊಂದು ಅರ್ಥವಾಗಲ್ಲ.

ಸಹೋದ್ಯೋಗಿ ಕೇಳಿದ ಪ್ರಶ್ನೆಗೆ ಬರ್ತೀನಿ. ಯಾವ ಕೋಟಾ ಇತ್ತು? ಕೋಟಾ ಇತ್ತು ಸ್ವಾಮಿ. ಆ ಕ್ಲಬ್‌ಹೌಸಿನಲ್ಲಿ ನೂರಕ್ಕೆ ನೂರು ಸೀಟು ಬಿಳಿಯರಿಗೆ ಮೀಸಲು. ಸೋತವರಿಗೂ ಒಳಗೆ ಜಾಗ ಇತ್ತಲ್ಲ, ಅದು ಯಾವ ಮೆರಿಟ್?

ಭಾನುವಾರ ಮಾವನ ಮನೆಗೆ ಹೋಗಿದ್ದೆ. ಮೊಬೈಲಿನಲ್ಲಿ ಆ ಫೋಟೋ ತೋರಿಸಿದೆ. ಅವರಿಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ, ದೊಡ್ಡದು ಮಾಡಿ ತೋರಿಸಬೇಕಾಯಿತು.

"ಯಾರ್ಲಾ ಇವ್ನು, ನಮ್ಮೋನ್ ಇದ್ದಂಗವ್ನೆ?"

ಹೇಳಿದೆ. ಕಪ್ ಗೆದ್ದದ್ದು, ಮಳೆ, ಕ್ಲಬ್‌ಹೌಸು, ಎಲ್ಲ ಹೇಳಿದೆ. ಅದಕ್ಕೆಲ್ಲ ಅವರೇನೂ ಆಶ್ಚರ್ಯ ಪಡಲಿಲ್ಲ. ಹೂಂ ಹೂಂ ಅಂತ ಕೇಳಿಸಿಕೊಂಡರು. ಎಡಗೈ ಕೆಳಗೆ ಹಿಡಿದು ಆಡ್ತಿದ್ದರಂತೆ ಅಂದಾಗ ಮಾತ್ರ ಎದ್ದು ಕೂತರು. "ಸುಳ್ಳು ಹೇಳ್ಬ್ಯಾಡ ಕಣ್ಲಾ" ಅಂದರು. ಬಾಗಿಲ ಮೂಲೆಯಲ್ಲಿದ್ದ ಕೊಡೆ ತಗೊಂಡು ಅಂಗಳಕ್ಕೆ ಬಂದು, ಎಡಗೈ ಕೆಳಗೆ ಇಟ್ಟು ಹಿಡಿದು, ಕಾಲು ಅಗಲಿಸಿ ನಿಂತು ಒಂದು ಸಲ ಬೀಸಿದರು. ಇನ್ನೊಂದು ಸಲ ಬೀಸಿದರು.

"ಊಹೂಂ. ಇಂಗ್ ಹಿಡ್ಕೊಂಡ್ರೆ ಚೆಂಡು ಹೆಂಗ್ಲಾ ನೆಟ್ಟಗೆ ಓಯ್ತದೆ?" ಅಂತ ಮತ್ತೆ ಹಿಡಿತ ಬದಲಾಯಿಸಿಕೊಂಡರು. ನಾನು ಹೊರಡುವವರೆಗೂ ಕೊಡೆ ಅವರ ಕೈಯಲ್ಲೇ ಇತ್ತು.

ಜೈ ಭೀಮ್.